ಅಕ್ಕನ ಕೂಗು ಮಾರಿದ ಬೇಸಿಗೆ

ನಾನು ಎಳೆದ ತಂತಿ ಒಂದು ಮಳೆಗಾಲದಲ್ಲೂ ಹರಿಯಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಣಕಲ್ಲಿನ ನಮ್ಮ ಗೌಳೇರ ಓಣಿಯಲ್ಲಿ ಆಗ ಇಪ್ಪತ್ತೆರಡು ಮನೆಗಳಿದ್ದವು. ನಮ್ಮ ಪಡಸಾಲೆಯಲ್ಲಿ ಒಂದು ಆಂಪ್ಲಿಫೈಯರ್, ಒಂದು ಟೇಪ್ ರೆಕಾರ್ಡರ್, ಒಂದು ಮೈಕು. ಅಲ್ಲಿಂದ ಕೇಬಲ್ ಟಿವಿಯವರ ಕಂಬಗಳ ಮೇಲೆ ಹಾದು ಮನೆಮನೆಗೆ ತಂತಿ. ಪ್ರತಿ ಮನೆಯ ಗೋಡೆಗೆ ಒಂದು ಕಟ್ಟಿಗೆಯ ಡಬ್ಬಿ, ಅದರೊಳಗೆ ಸ್ಪೀಕರ್, ದನಿ ಏರಿಸಲು ಇಳಿಸಲು ಒಂದು ಗುಂಡಿ. ಇದನ್ನೇ ನಾವು ರೇಡಿಯೋ ಎನ್ನುತ್ತಿದ್ದೆವು. ಆಕಾಶದಲ್ಲಿ ಬಿಡುವ ರೇಡಿಯೋಕ್ಕೆ ಸರಕಾರದ ಪರವಾನಗಿ ಬೇಕು. ತಂತಿಯಲ್ಲಿ ಹೋಗುವುದನ್ನು ಯಾರೂ ಕೇಳಲಿಲ್ಲ.

ನಾನು ಸಾಲೆ ಕಲಿತಿದ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೂ ಊರೂರಿನಲ್ಲಿ ಸಮುದಾಯ ರೇಡಿಯೋ ತೆರೆಯುವ ಮಾತು ಶುರುವಾದ ಮೇಲೆ ಧಾರವಾಡದ ಒಂದು ಸಭೆಗೆ ನನ್ನನ್ನು ಕರೆದರು. ದೊಡ್ಡ ದೊಡ್ಡ ಪದವಿ ಪಡೆದವರು ಕೇಳಿದ್ದು ಒಂದೇ ಪ್ರಶ್ನೆ. ದುಡ್ಡು ಕೊಡುವ ಸಂಸ್ಥೆ ಕೈಬಿಟ್ಟ ಮೇಲೆ ರೇಡಿಯೋ ಬದುಕುವುದು ಹೇಗೆ? ನಾನು ಎದ್ದು ನಿಂತು ನಮ್ಮ ಸೋಮವಾರದ ಹಾಲಿನ ಕತೆ ಹೇಳಿದೆ. ಚಪ್ಪಾಳೆ ಹೊಡೆದರು. ನಾನು ಹೇಳಿದ್ದೆಲ್ಲ ಖರೆ, ಆದರೆ ಅರ್ಧ. ಹೇಳದೆ ಬಿಟ್ಟ ಅರ್ಧದಲ್ಲಿ ನನ್ನ ಅಕ್ಕ ಇದ್ದಳು.

ರೇಡಿಯೋ ಅಕ್ಕನದೇ. ತಂತಿ ಮಾತ್ರ ನನ್ನದು. ಧಾರವಾಡದ ಕಾಲೇಜೊಂದರಿಂದ ಒಬ್ಬ ಮೇಡಂ ನಮ್ಮ ಓಣಿಯ ಭಾಷೆ ಕಲಿಯಲು ಬರುತ್ತಿದ್ದರು. ನಾವು ಮನೆಯಲ್ಲಿ ಆಡುವುದು ಕನ್ನಡವಲ್ಲ, ಪೂರ್ತಿ ಮರಾಠಿಯೂ ಅಲ್ಲ. ಎಮ್ಮೆಗಳ ಹಿಂದೆ ಅಲೆಯುತ್ತ ಬಂದವರ ಮಾತು. ಹೊರಗಿನವರ ಮುಂದೆ ಅದನ್ನು ಆಡಲು ನಮಗೆ ನಾಚಿಕೆ. ಅಕ್ಕನಿಗೆ ಮಾತ್ರ ನಾಚಿಕೆ ಇರಲಿಲ್ಲ. ಮೇಡಂ ಮೈಕು ಹಿಡಿದರೆ ತಾನೇ ಅವರನ್ನು ಪ್ರಶ್ನೆ ಕೇಳಲು ನಿಲ್ಲುತ್ತಿದ್ದಳು. ಅವರಿಗೆ ಅದು ಮೆಚ್ಚಿಕೆಯಾಗಿ, ಒಂದು ಸಂಸ್ಥೆಯನ್ನು ಹಿಡಿದು ಸಾಮಾನು ಕೊಡಿಸಿದರು. ಸಂಸ್ಥೆಯವರು ಎರಡು ವರ್ಷ ಖರ್ಚು ನೋಡಿಕೊಂಡರು.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅದೇ ಓಣಿಯಲ್ಲಿ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಕೊಟ್ಟಿದ್ದರು. ದಿನಾ ಮಧ್ಯಾಹ್ನ ಊಟವಾದ ಮೇಲೆ ಬಂದು ಮೈಕಿನ ಮುಂದೆ ಕೂತು ನಮ್ಮ ಮಾತಿನಲ್ಲಿ ಶುರು ಮಾಡುತ್ತಿದ್ದಳು. ಕನ್ನಡದಲ್ಲಿ ಹೇಳಬೇಕೆಂದರೆ ಅದು ಹೀಗೆ: "ಏನ್ರವ್ವಾ, ಹಾಲು ಕಾಸಿದ್ರೇನು? ಉಕ್ಕಿಸಿದವ್ರು ಯಾರ‍್ಯಾರು, ಖರೇ ಹೇಳ್ರಿ." ಆಮೇಲೆ ಕೆರೆಯ ಯಾವ ದಂಡೆಯಲ್ಲಿ ಮೇವಿದೆ, ಲಸಿಕೆಯ ಡಾಕ್ಟರು ಯಾವಾಗ ಬರುತ್ತಾರೆ, ಯಾರ ಮನೆಯ ಎಮ್ಮೆ ಈದಿತು, ಹೆಣ್ಣುಕರುವೋ ಗಂಡುಕರುವೋ. ಮುದುಕಿಯರನ್ನು ಕೂಡಿಸಿ ಹಳೆಯ ಕತೆ ಹೇಳಿಸುತ್ತಿದ್ದಳು. ವಿದ್ಯಾನಗರದಲ್ಲಿ ಹಾಲು ಹಾಕಿ ಬರುವ ಗಂಡಸರು ಮನೆಗೆ ಬಂದವರೇ ಡಬ್ಬಿಯ ಕೆಳಗೆ ಕೂಡುತ್ತಿದ್ದರು.

ಎರಡು ವರ್ಷ ಮುಗಿದು ಸಂಸ್ಥೆಯವರು ಕೈತೊಳೆದುಕೊಂಡಾಗ ಓಣಿ ಸೇರಿತು. ತಿಂಗಳಿಗೆ ಮನೆಗಿಷ್ಟು ರೊಕ್ಕ ಎಂದು ನಾನು ಹೇಳಿದೆ. ಓಣಿಯ ಎಲ್ಲರಿಗೂ ಹಿರಿಯಳಾದ ಒಬ್ಬ ಆಯಿ ಇದ್ದಳು. ಅವಳು ಎಲೆಅಡಿಕೆ ಅಗಿಯುತ್ತ ಹೇಳಿದಳು: "ರೊಕ್ಕಾ ಅಂದ್ರ ಗಂಡಸರ ಕಿಸೇದಾಗ ಇರತೈತಿ, ಕೇಳಾಕ ನಾವು ಅವರ ಮಾರಿ ನೋಡಬೇಕು. ಹಾಲು ನಮ್ಮ ಕೈಯಾಗ ಐತಿ. ವಾರಕ್ಕೊಂದು ವಾಟಗಾ ಹಾಲು ತೊಗೊಂಡು ಹೋಗು, ನನ್ನ ಮಗನ."

ಹೀಗೆ ಸೋಮವಾರದ ಹಾಲು ಶುರುವಾಯಿತು. ಪ್ರತಿ ಸೋಮವಾರ ಸಂಜೆ ಪ್ರತಿ ಮನೆಯಿಂದ ಒಂದು ಲೋಟ. ಕ್ಯಾನಿನಲ್ಲಿ ಕೂಡಿಸಿ ಖೋವಾ ಮಾಡುವವರಿಗೆ ಹಾಕಿದರೆ ಕರೆಂಟು, ಕ್ಯಾಸೆಟ್ಟು, ತಂತಿಯ ರಿಪೇರಿ ಎಲ್ಲ ನಡೆಯುತ್ತಿತ್ತು. ಗೌಳಿಗರು ಹಾಲಿಗೆ ನೀರು ಹಾಕುತ್ತಾರೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ರೇಡಿಯೋದ ಹಾಲಿಗೆ ಒಬ್ಬಳೂ ನೀರು ಹಾಕಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ತೊಂದರೆ ಇದ್ದದ್ದು ಬೇಸಿಗೆಯಲ್ಲಿ. ನಮ್ಮ ಎಮ್ಮೆಗಳು ಹೆಚ್ಚಾಗಿ ಮಳೆಗಾಲ ಹಿಡಿದು ಈಯುತ್ತವೆ. ಹೋಳಿ ಹುಣ್ಣಿಮೆ ದಾಟಿತೆಂದರೆ ಒಂದೊಂದೇ ಬತ್ತುತ್ತವೆ. ಮಕ್ಕಳ ಚಹಾಕ್ಕೇ ಹಾಲಿಲ್ಲದಾಗ ರೇಡಿಯೋಕ್ಕೆ ಕೇಳುವುದು ಹೇಗೆ? ಸಂಸ್ಥೆ ಹೋದ ಮೇಲಿನ ಮೊದಲ ಬೇಸಿಗೆ ಎರಡೂವರೆ ತಿಂಗಳು ರೇಡಿಯೋ ಬಂದ್ ಇತ್ತು. ಅಕ್ಕ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. "ಎಮ್ಮಿ ಬತ್ತತಾವ, ಮತ್ತ ಈಯತಾವ. ರೇಡಿಯೋನೂ ಹಂಗ," ಎಂದಳು. ನನಗೆ ಮಾತ್ರ ಆ ಸುಮ್ಮನಿರುವ ಡಬ್ಬಿಗಳನ್ನು ನೋಡಲು ಆಗಲಿಲ್ಲ. ಓಣಿಯಲ್ಲಿ ನನ್ನನ್ನು "ರೇಡಿಯೋದವ" ಎನ್ನುತ್ತಿದ್ದರು. ಡಬ್ಬಿ ಸುಮ್ಮನಾದರೆ ನಾನು ಮತ್ತೆ ಸೈಕಲ್ಲಿನ ಮೇಲೆ ಹಾಲು ಹಾಕುವವ.

ಎರಡನೆಯ ಬೇಸಿಗೆ ಹತ್ತಿರ ಬಂದಾಗ ನಾನು ಸುಳ್ಳದ ಸಾಹುಕಾರರ ಹತ್ತಿರ ಹೋದೆ. ಸುಳ್ಳ ಎಂಬ ಹಳ್ಳಿಯವರಾದ ಇವರು ಉಣಕಲ್ ಕೆರೆಯ ಆಚೆ ಜಾಗ ಹಿಡಿದು ದೊಡ್ಡ ಕೊಟ್ಟಿಗೆ ಕಟ್ಟಿದ್ದರು. ಮೂವತ್ತು ಎಮ್ಮೆ, ಅವುಗಳಲ್ಲಿ ಹತ್ತು ನಮ್ಮ ಓಣಿಯಿಂದಲೇ ಕೊಂಡದ್ದು. ಮನುಷ್ಯ ಕೆಟ್ಟವರಲ್ಲ. ಬೇಸಿಗೆಗೆ ರೇಡಿಯೋಕ್ಕೆ ಏನಾದರೂ ಕೊಡಿ ಎಂದು ಕೇಳಿದೆ.

"ಕೊಡತೇನಪಾ," ಎಂದರು. "ನನಗೂ ಒಂದು ಉಪಕಾರ ಮಾಡು. ಹೊಸದಾಗಿ ಕೊಂಡ ನಿಮ್ಮ ಓಣಿ ಎಮ್ಮಿ ನನ್ನ ಆಳುಗಳಿಗೆ ಹಾಲ ಬಿಡವಲ್ವು. ನಿಮ್ಮಕ್ಕ ಬಂದು ಬಾಯಿಲೆ ಒಂದು ಸಪ್ಪಳ ಮಾಡಿದ್ಲಂದ್ರ ಧಾರಾಕಾರ. ಆ ಸಪ್ಪಳ ಟೇಪ್ ಮಾಡಿ ಕೊಡು. ತಿಂಗಳಾ ತಿಂಗಳಾ ರೊಕ್ಕಾ ಕಳಸತೇನಿ."

ಇಲ್ಲಿ ನಮ್ಮ ಪದ್ಧತಿ ಒಂದನ್ನು ಹೇಳಬೇಕು. ಎಮ್ಮೆ ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಂಡವರು ತಮ್ಮ ಹಗ್ಗ ತರಬೇಕು. ಹಗ್ಗ ಹೋದರೆ ಮನೆಯ ಹೈನು ಹೋಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ನಮ್ಮ ಓಣಿಯಲ್ಲಿ ಹಗ್ಗದ ಜೊತೆಗೆ ಕೂಗನ್ನೂ ಕೊಡುವುದಿಲ್ಲ. ಪ್ರತಿ ಹೆಂಗಸಿಗೂ ಹಾಲು ಕರೆಯುವಾಗ ತನ್ನದೇ ಒಂದು ಕೂಗು ಇರುತ್ತದೆ. ಅದರಲ್ಲಿ ಮಾತಿಲ್ಲ, ಹಾಡೂ ಅಲ್ಲ. ಎಳೆದ ಎರಡು ಮೂರು ದನಿ, ನಡುವೆ ನಾಲಗೆಯ ಲೊಚಗುಟ್ಟುವ ಸದ್ದು. ಎಮ್ಮೆ ಕರುವಾಗಿದ್ದಾಗಿನಿಂದ ಅದನ್ನೇ ಕೇಳಿ ಬೆಳೆದಿರುತ್ತದೆ. ಹಾಗಾಗಿ ಮಾರಿದ ಎಮ್ಮೆಯ ಹಿಂದೆ ಅದರ ಒಡತಿ ಹದಿನೈದು ದಿನ ಕೊಂಡವರ ಮನೆಗೆ ಹೋಗಿ, ತಾನೇ ಕೂಗಿ ಹಾಲು ಕರೆದು, ದಿನದಿನಕ್ಕೆ ಕೂಗು ಸಣ್ಣ ಮಾಡುತ್ತ, ಹೊಸ ಕೈಗೆ ಅದನ್ನು ಒಗ್ಗಿಸಿ ಬರುತ್ತಿದ್ದಳು. ಆ ಹದಿನೈದು ದಿನಕ್ಕೆ ಒಂದು ಸೀರೆ, ಒಂದು ಚೀಲ ಜೋಳ. ಎಮ್ಮೆ ಬತ್ತಿದ ಬೇಸಿಗೆಯಲ್ಲಿ ನಮ್ಮ ಹೆಂಗಸರ ಕೈಗೆ ಬರುತ್ತಿದ್ದುದು ಅದೊಂದೇ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೂಂ ಎಂದೆ.

ಮರುದಿನ ಬೆಳಿಗ್ಗೆ ಅಕ್ಕನ ಕೊಟ್ಟಿಗೆಗೆ ಮೈಕು, ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದೆ. ಎಮ್ಮೆಯ ಬಗ್ಗೆ ಒಂದು ಕಾರ್ಯಕ್ರಮ ಮಾಡೋಣ, ಹಾಲು ಕರೆಯುವ ಸದ್ದು ಬೇಕು ಎಂದು ಸುಳ್ಳು ಹೇಳಿದೆ. ಅವಳು ನಕ್ಕು, ರೇಡಿಯೋದಲ್ಲಿ ಯಾರೂ ನೋಡುವುದಿಲ್ಲ ಎಂದು ಗೊತ್ತಿದ್ದರೂ ತಲೆ ಬಾಚಿಕೊಂಡು ಬಂದಳು.

"ಎಮ್ಮಿಗೂ ಸ್ವಲ್ಪ ಪೌಡರ್ ಹಚ್ಚಲೇನು?"

"ಹಚ್ಚು. ಅದರ ಮಾರಿಗೆ ಒಂದು ಡಬ್ಬಿ ಸಾಲೂದಿಲ್ಲ."

"ಲೇ, ನಿನ್ನ ಲಗ್ನದಾಗ ನಿನಗ ಎಷ್ಟು ಡಬ್ಬಿ ಬಡದಿದ್ವಿ, ನೆನಪೈತಿಲ್ಲ?"

ಹಾಗೆ ನಗುತ್ತಲೇ ಕೂತು ಎಮ್ಮೆಯ ಹೊಟ್ಟೆಗೆ ಹಣೆ ಹಚ್ಚಿ ಕೂಗು ತೆಗೆದಳು. ನಾನು ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ತುಂಬಿಸಿಕೊಂಡೆ.

ಆ ಬೇಸಿಗೆ ರೇಡಿಯೋ ಒಂದು ದಿನವೂ ನಿಲ್ಲಲಿಲ್ಲ. ರೊಕ್ಕ ಎಲ್ಲಿಂದ ಎಂದು ಕೇಳಿದವರಿಗೆ ಧಾರವಾಡದ ಯಾರೋ ದೊಡ್ಡ ಮನಸ್ಸಿನವರು ಎಂದೆ. ಸಾಹುಕಾರರ ಕೊಟ್ಟಿಗೆಯಲ್ಲಿ ಎರಡೂ ಹೊತ್ತು ಕ್ಯಾಸೆಟ್ ಹಾಕುತ್ತಿದ್ದರು. ಅಕ್ಕ ಸಾಕಿ ಮಾರಿದ ಎಮ್ಮೆಗಳು ಆಳುಗಳ ಕೈಗೆ ಹಾಲು ಬಿಟ್ಟವು. ಬೇರೆ ಮನೆಗಳ ಎಮ್ಮೆಗಳೂ ಅದೇ ಕೆರೆಯ ದಂಡೆಯಲ್ಲಿ ಬೆಳೆದಂಥವು; ಆ ದನಿ ಅವುಗಳಿಗೆ ಹೊಸದೇನಲ್ಲ, ಅವೂ ಒಗ್ಗಿದವು. ಸಾಹುಕಾರರು ನಮ್ಮ ಓಣಿಯಿಂದ ಮತ್ತೆ ನಾಲ್ಕು ಎಮ್ಮೆ ಕೊಂಡರು. ಆದರೆ ಒಗ್ಗಿಸಲು ಬನ್ನಿ ಎಂದು ಯಾರನ್ನೂ ಕರೆಯಲಿಲ್ಲ. ನಾಲ್ಕು ಮನೆಯ ಹೆಂಗಸರು ಸೀರೆ, ಜೋಳ ಬಂದಾವು ಎಂದು ಕಾಯುತ್ತಲೇ ಕೂತರು. ಅಕ್ಕನೂ ಅವರಲ್ಲಿ ಒಬ್ಬಳು. ಸಾಹುಕಾರರು ಈ ಸಲ ಯಾಕೆ ಕರೆಯಲಿಲ್ಲವೋ ಎಂದು ಅವಳು ರೇಡಿಯೋದಲ್ಲೇ ಚಾಷ್ಟಿ ಮಾಡಿ ನಕ್ಕಳು. ನಾನು ಪಕ್ಕದಲ್ಲೇ ಕೂತು ದನಿಯ ಗುಂಡಿ ತಿರುವುತ್ತಿದ್ದೆ.

ಅಕ್ಕನಿಗೆ ಗೊತ್ತಾಗಿದ್ದು ಒಂದು ಸಂಜೆ. ಸಾಹುಕಾರರ ಕೊಟ್ಟಿಗೆಯ ಸ್ಪೀಕರು ಕೆಟ್ಟಿದ್ದರಿಂದ ಹೊಸ ಹಾರ್ನ್ ಕೂಡಿಸಲು ನಾನು ನಿಚ್ಚಣಿಕೆ ಹತ್ತಿದ್ದೆ. ಕೂಡಿಸಿ, ನೋಡೋಣವೆಂದು ಕ್ಯಾಸೆಟ್ ಹಾಕಲು ಆಳಿಗೆ ಹೇಳಿದೆ. ಹಾರ್ನ್ ದೊಡ್ಡದು; ಅಕ್ಕನ ಕೂಗು ಕೆರೆಯವರೆಗೆ ಹೋಯಿತು. ಮೇಲಿಂದ ನೋಡಿದರೆ ಕೆರೆಯ ಏರಿಯ ಮೇಲೆ ಅಕ್ಕನ ಮೂರು ಎಮ್ಮೆಗಳು ಮೇಯ್ದು ಮನೆಗೆ ಹೊರಟಿದ್ದವು. ಮೂರೂ ನಿಂತು ಕಿವಿ ಎತ್ತಿದವು. ಆಮೇಲೆ ಮನೆಯ ದಾರಿ ಬಿಟ್ಟು ನಾನಿದ್ದ ಕೊಟ್ಟಿಗೆಯ ಕಡೆ ಇಳಿದವು.

ಹಿಂದೆ ಅಕ್ಕ ಓಡಿ ಬಂದಳು. ಬಾಗಿಲ ಹತ್ತಿರ ಬಂದಾಗ ಅದು ತನ್ನದೇ ದನಿ ಎಂದು ಅವಳಿಗೆ ತಿಳಿಯಿತು. ಸುತ್ತಲೂ ನೋಡಿ, ಮೇಲೆ ನೋಡಿದಳು. ಇಕ್ಕಳ ಹಿಡಿದುಕೊಂಡು ನಿಚ್ಚಣಿಕೆಯ ಮೇಲೆ ನಾನು.

ಅವಳು ಎಮ್ಮೆಗಳ ಕಡೆ ತಿರುಗಿ ತಾನೇ ಕೂಗು ಹಾಕಿದಳು. ಹಾರ್ನಿನಲ್ಲಿ ಅವಳೇ, ಕೆಳಗೆ ಅವಳೇ. ಎಮ್ಮೆಗಳು ನಡುವೆ ನಿಂತು ಕತ್ತು ಆ ಕಡೆ ಈ ಕಡೆ ಹೊರಳಿಸಿದವು. ಎಲ್ಲಕ್ಕೂ ಹಿರಿಯದು ಅವಳ ಹತ್ತಿರ ಬಂದು ನಿಂತಿತು. ಉಳಿದ ಎರಡು ಸಾಹುಕಾರರ ಗೋದಲಿಗೆ ಹೋಗಿ ಬಾಯಿ ಹಾಕಿದವು. ಟೇಪ್ ನಿಲ್ಲಿಸಲು ನಾನು ಕೂಗಿ ಹೇಳಿ, ಇಳಿದು ಬರುವುದರೊಳಗೆ ಅವಳು ಒಂದರ ಕೊಂಬು ಹಿಡಿದು ಎಳೆಯುತ್ತಿದ್ದಳು.

"ಯಕ್ಕಾ, ಸಾಹುಕಾರ್ರು ಉಪಕಾರ ಕೇಳಿದ್ರು. ಇಲ್ಲ ಅನ್ನಾಕ ಆಗಲಿಲ್ಲ," ಎಂದೆ.

"ಉಪಕಾರ?"

"ಹೂಂ. ಬರೇ ಉಪಕಾರ."

"ಉಪಕಾರಕ್ಕ ನನ್ನ ಕೇಳಬೇಕಿತ್ತು, ತಮ್ಮಾ. ಕೂಗು ನಿನ್ನ ಗಂಟಲದಾಗಿಂದ ಬಂದಿಲ್ಲ," ಎಂದು ಎಮ್ಮೆ ಹೊಡೆದುಕೊಂಡು ಹೋದಳು. ರೊಕ್ಕ ತೆಗೆದುಕೊಂಡಿದ್ದನ್ನು ನಾನು ಆಗಲೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಮೈಕಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎರಡು ತಿಂಗಳು ನಾನೊಬ್ಬನೇ ರೇಡಿಯೋ ನಡೆಸಿದೆ. ನನ್ನ ಹತ್ತಿರ ರೊಕ್ಕ ಇತ್ತು. ಸಿನಿಮಾ ಹಾಡಿನ ಕ್ಯಾಸೆಟ್ ತಂದೆ, ನನ್ನ ಒರಟು ದನಿಯಲ್ಲಿ ಪೇಪರಿನ ಸುದ್ದಿ ಓದಿದೆ. ಒಂದು ದಿನ ಆಯಿ ತನ್ನ ಮನೆಯ ಡಬ್ಬಿಯನ್ನು ಗೋಡೆಯಿಂದ ಬಿಚ್ಚಿಸಿ, ಹಳೆಯ ಸೀರೆಯಲ್ಲಿ ಸುತ್ತಿಕೊಂಡು ನಮ್ಮ ಪಡಸಾಲೆಗೆ ಬಂದಳು.

"ಯಾಕಾಯಿ, ಕೆಟ್ಟೈತೇನು?"

"ಡಬ್ಬಿ ಛಲೋ ಐತಪಾ. ಹಾಡು ಕೇಳಾಕ ನಮ್ಮನ್ಯಾಗ ಟಿವಿ ಐತಿ. ಅದರಾಗ ಹೆಣ್ಮಕ್ಕಳು ಕುಣದೂ ತೋರಸ್ತಾರ. ನಿನ್ನ ಡಬ್ಬಿ ಏನು ತೋರಸ್ತೈತಿ?"

ಅವಳ ಹಿಂದೆ ಉಳಿದವರು. ಒಂದೊಂದೇ ಡಬ್ಬಿ ವಾಪಸು ಬಂದು ನಮ್ಮ ಪಡಸಾಲೆಯ ಮೂಲೆಯಲ್ಲಿ ಹದಿನೇಳು ಸೇರಿದವು. ರೇಡಿಯೋ ಬದುಕುವುದು ರೊಕ್ಕದಿಂದ ಎಂದು ಯಾರಾದರೂ ನನಗೆ ಹೇಳಿದರೆ ನಾನು ಆ ಮೂಲೆಯನ್ನು ನೆನೆಯುತ್ತೇನೆ. ರೊಕ್ಕ ಇತ್ತು, ಕರೆಂಟು ಇತ್ತು, ತಂತಿ ಗಟ್ಟಿ ಇತ್ತು. ಕೇಳುವವರು ಇರಲಿಲ್ಲ.

ಅಷ್ಟರಲ್ಲಿ ಸಾಹುಕಾರರು ಮನೆಗೇ ಬಂದರು. ದಿನಕ್ಕೆರಡು ಸಲ ಹಾಕಿ ಹಾಕಿ ಕ್ಯಾಸೆಟ್ಟಿನ ರೀಲು ಜಗ್ಗಿತ್ತು. ಅಕ್ಕನ ದನಿ ಗಂಡಸಿನ ದನಿಯಂತೆ ಎಳೆಯುತ್ತಿತ್ತಂತೆ, ಎಮ್ಮೆಗಳು ಒದೆಯುತ್ತಿದ್ದವಂತೆ. "ಇನ್ನೊಂದು ಮಾಡಿ ಕೊಡು. ಈಗ ಕೊಡೂದರ ಎರಡರಷ್ಟು ಕೊಡತೇನಿ," ಎಂದರು.

ನಾನು ನಾಳೆ ಹೇಳುತ್ತೇನೆಂದು ಕಳಿಸಿದೆ. ಖರೆ ಹೇಳಬೇಕೆಂದರೆ ಆ ರಾತ್ರಿಯೆಲ್ಲ, ಅಕ್ಕನ ಕೊಟ್ಟಿಗೆಯ ಹಿಂದಿನ ಕಿಂಡಿಯಿಂದ ಮೈಕು ಇಳಿಬಿಟ್ಟರೆ ಹೇಗೆ ಎಂದು ಲೆಕ್ಕ ಹಾಕಿದೆ. ಎಷ್ಟು ಮೊಳ ತಂತಿ ಬೇಕು ಎಂಬುದನ್ನೂ ಯೋಚಿಸಿದ್ದೆ. ಬೆಳಿಗ್ಗೆ ನಾನು ಹಾಲಿನ ಕ್ಯಾನ್ ತೊಳೆಯುತ್ತಿದ್ದಾಗ ನನ್ನ ಹೆಂಡತಿ, "ಡಬ್ಬಿ ಮ್ಯಾಲ ಧೂಳು ಕೂತೈತ್ರಿ, ಒಲಿಗೆ ಹಾಕಲೇನು?" ಎಂದಳು. ಕ್ಯಾನು ಅಲ್ಲೇ ಬಿಟ್ಟು ನಾನು ಆಯಿಯ ಅಂಗಳಕ್ಕೆ ಹೋದೆ.

ಒಗ್ಗಿಸುವ ಕೆಲಸ ಕಳೆದುಕೊಂಡ ನಾಲ್ವರು ಹೆಂಗಸರನ್ನೂ ಆಯಿಯ ಕೈಯಲ್ಲಿ ಕರೆಸಿದೆ. ಅಕ್ಕ ಬಂದು ಕಂಬಕ್ಕೆ ಒರಗಿ ಕೂತಳು. ನಾನು ನಿಂತುಕೊಂಡೇ ಹೇಳಿದೆ. ಉಪಕಾರ ಅಲ್ಲ, ಮಾರಿದ್ದು. ಧಾರವಾಡದ ದೊಡ್ಡ ಮನಸ್ಸಿನವರು ಯಾರೂ ಇಲ್ಲ. ನಿಮ್ಮ ಸೀರೆ, ನಿಮ್ಮ ಜೋಳ ತಪ್ಪಿದ್ದು ನನ್ನಿಂದ. ಎಮ್ಮೆಯ ಕಾರ್ಯಕ್ರಮ ಎಂದು ಅಕ್ಕನನ್ನು ನಂಬಿಸಿ ಟೇಪ್ ಮಾಡಿದೆ. ಕ್ಯಾಸೆಟ್ ಕೆಟ್ಟು ಸಾಹುಕಾರರ ಎಮ್ಮೆಗಳು ಒದೆಯುತ್ತಿರುವುದನ್ನೂ, ನಿನ್ನೆ ರಾತ್ರಿ ಕಿಂಡಿಯ ಬಗ್ಗೆ ಯೋಚಿಸಿದ್ದನ್ನೂ ಹೇಳಿದೆ.

ಒಬ್ಬಳು ಎದ್ದು ಚಪ್ಪಲಿ ಹುಡುಕಿದಳು. ಆಯಿ ಅವಳ ಕೈ ಹಿಡಿದು ಕೂಡಿಸಿ, "ಹೊಡಿಯೂದು ಆಮ್ಯಾಲ ಹೊಡಿ, ಎಲ್ಲೀ ಹೋಗೂದಿಲ್ಲ ಅಂವ. ಮೊದಲು ಆ ಸುಳ್ಳದಾಂವನ ಎಮ್ಮಿ ಒದಿಯಾಕತ್ತಾವಂತ, ಅದನ್ನ ಕೇಳ್ರಿ," ಎಂದಳು.

ಅಕ್ಕ ನನ್ನ ಮುಖ ನೋಡದೆ ಕೇಳಿದಳು: "ಎಷ್ಟು ಎಮ್ಮಿ ಒದಿಯಾಕತ್ತಾವ?"

"ಹದಿನಾಲ್ಕೂ."

"ಹಂಗಾರ ಅವರಿಗೆ ನಾವು ಬೇಕು," ಎಂದು ಎದ್ದು ಸೀರೆ ಕೊಡವಿಕೊಂಡಳು.

ಆ ದಿನವೇ ನಾಲ್ವರೂ ಆಯಿಯನ್ನು ಮುಂದೆ ಮಾಡಿಕೊಂಡು ಕೆರೆಯ ಆಚೆ ಹೋದರು. ನಾನು ಹಿಂದೆ ಹೋದೆ. ಬೇಡ ಎಂದು ಯಾರೂ ಅನ್ನಲಿಲ್ಲ. ಅಕ್ಕ ಮೊದಲು ಕ್ಯಾಸೆಟ್ಟನ್ನು ವಾಪಸು ಇಸಿದುಕೊಂಡಳು. ಆಮೇಲೆ ಮಾತಿಗೆ ಕೂತಳು. ನಮ್ಮ ಓಣಿಯ ಎಮ್ಮೆ ಕೊಂಡಾಗಲೆಲ್ಲ ಒಡತಿಯೇ ಬಂದು ಒಗ್ಗಿಸಬೇಕು, ಸೀರೆ ಜೋಳ ಮೊದಲಿನಂತೆ. ಈಗ ಕೆಟ್ಟಿರುವ ಹದಿನಾಲ್ಕನ್ನೂ ನಾಲ್ವರು ಪಾಳಿಯಲ್ಲಿ ಬಂದು ಸರಿಮಾಡಿ ಕೊಡುತ್ತಾರೆ. ರೇಡಿಯೋಕ್ಕೆ ರೊಕ್ಕ ಬೇಡ. ನಮ್ಮ ಎಮ್ಮೆ ಬತ್ತಿದ ತಿಂಗಳುಗಳಲ್ಲಿ ಸೋಮವಾರ ಸೋಮವಾರ ಸಾಹುಕಾರರ ಕೊಟ್ಟಿಗೆಯಿಂದ ಒಂದು ಕ್ಯಾನ್ ಹಾಲು ಸಾಕು. ಅವರ ಮೂವತ್ನಾಲ್ಕು ಎಮ್ಮೆ ಒಮ್ಮೆಲೆ ಬತ್ತುವುದಿಲ್ಲ.

ಇದು ನನಗೆ ಹೊಳೆಯಲೇ ಇಲ್ಲವಲ್ಲ ಎಂದು ಈಗಲೂ ಆಶ್ಚರ್ಯ. ಕೇಳಲು ಹೋದ ನನಗೆ ರೊಕ್ಕವೇ ಕಣ್ಣಿಗೆ ಬಿದ್ದಿತ್ತು.

ಸಾಹುಕಾರರು ಒಪ್ಪಿ, "ರೇಡಿಯೋದಾಗ ದಿನಾ ನನ್ನ ಹೆಸರು ಹೇಳ್ತೀರಿಲ್ಲೋ?" ಎಂದು ಕೇಳಿದರು.

"ನಿಮ್ಮ ಹೆಸರು ತೊಗೊಂಡು ಏನ್ಮಾಡೂದ್ರೀ?" ಎಂದಳು ಅಕ್ಕ. "ನಿಮ್ಮಲ್ಲಿರೂ ನಮ್ಮ ಎಮ್ಮಿಗಳ ಸುದ್ದಿ ಹೇಳ್ತೇವಿ. ಅದನ್ನಾದ್ರ ಮಂದಿ ಕೇಳ್ತಾರ."

ಹೇಳಿದಂತೆ ಮಾಡಿದಳು. ಡಬ್ಬಿಗಳನ್ನು ನಾನೇ ಮನೆಮನೆಗೆ ಹೊತ್ತು ಮತ್ತೆ ಗೋಡೆಗೆ ಹೊಡೆದೆ. ಅಕ್ಕ ಮೈಕಿಗೆ ಬಂದು ಮಾರಿದ ಎಮ್ಮೆಗಳ ಯೋಗಕ್ಷೇಮ ಹೇಳತೊಡಗಿದಳು. ವಾರೆಕೋಡಿನಾಕಿ ಗಬ್ಬ ಆಗಿದ್ದಾಳೆ, ಬಿಳಿ ಬಾಲದಾಕಿ ಸಾಹುಕಾರರ ಆಳಿಗೆ ಒದ್ದಳು, ಹಲ್ಲು ಹೋಗಿಲ್ಲ. ಮಗಳನ್ನು ಕೊಟ್ಟ ಮನೆಯ ಸುದ್ದಿ ಕೇಳುವಂತೆ ಓಣಿ ಕೇಳುತ್ತಿತ್ತು. ಆಮೇಲೆ ಎಂಟು ಬೇಸಿಗೆ ಬಂದವು. ಒಂದರಲ್ಲೂ ನಮ್ಮ ರೇಡಿಯೋ ಬಂದ್ ಆಗಲಿಲ್ಲ. ಹೇಗೆ ನಡೆಸಬೇಕು ಎಂದು ಈಗ ಯಾರು ಕೇಳಿದರೂ ನಾನು ಧೈರ್ಯವಾಗಿ ಹೇಳಬಲ್ಲೆ. ಕೇಳುವವರ ಕೈಯಲ್ಲಿ ಏನಿದೆಯೋ ಅದನ್ನು ಬೇಡು. ಅವರ ಕೈಯಲ್ಲಿರುವುದನ್ನು ಅವರಿಗೆ ಗೊತ್ತಿಲ್ಲದಂತೆ ಮಾರಬೇಡ.

ಅಕ್ಕ ನನ್ನ ಜೊತೆ ಮಾತು ಬಿಡಲಿಲ್ಲ. ಮೈಕಿನ ಮುಂದೆ ಮೊದಲಿನಂತೆಯೇ ನನ್ನ ಕಾಲೆಳೆಯುತ್ತಿದ್ದಳು. ಕ್ಯಾಸೆಟ್ಟನ್ನು ಏನು ಮಾಡಿದಳೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಸೋಮವಾರ ಸಂಜೆ ಹಾಲಿಗೆಂದು ನಾನು ಅವಳ ಕೊಟ್ಟಿಗೆಗೆ ಹೋದರೆ ಅವಳ ಕೂಗು ನಿಲ್ಲುತ್ತಿತ್ತು. ನನ್ನ ಹೆಜ್ಜೆಯ ಸದ್ದಿಗೇ ನಿಲ್ಲುತ್ತಿತ್ತು. ನನ್ನ ಕೈಯಲ್ಲಿ ಖಾಲಿ ಕ್ಯಾನ್ ಬಿಟ್ಟು ಬೇರೇನೂ ಇರುತ್ತಿರಲಿಲ್ಲ, ಅದು ಅವಳಿಗೂ ಕಾಣುತ್ತಿತ್ತು. ಕೈ ಕೆಚ್ಚಲ ಮೇಲೆ ಹಾಗೇ ಇರುತ್ತಿತ್ತು, ಬಾಯಿ ಮುಚ್ಚಿರುತ್ತಿತ್ತು, ಎಮ್ಮೆ ಹಾಲು ಹಿಡಿದುಕೊಂಡು ತಿರುಗಿ ನನ್ನನ್ನು ನೋಡುತ್ತಿತ್ತು.

ಒಂದು ಸಂಜೆ ತಾಳಲಾರದೆ ಕೇಳಿದೆ: "ಯಕ್ಕಾ, ಇನ್ನೂ ಸಿಟ್ಟೈತೇನು?"

"ಸಿಟ್ಟು ಯಾವಾಗೋ ಹೋತು," ಎಂದಳು. "ಕೂಗು ಬಾಯಿಗೇ ಬರವಲ್ದು, ನಾ ಏನ್ಮಾಡ್ಲಿ? ಎಮ್ಮಿ ನಿಂತಾವ. ನೀ ಸ್ವಲ್ಪ ಆಚಿಕಡೆ ಹೋಗು."

ನಾನು ಕ್ಯಾನ್ ಇಟ್ಟು ಓಣಿಯ ತುದಿಯವರೆಗೆ ಹೋದೆ, ಅಲ್ಲಿಗೆ ಕೊಟ್ಟಿಗೆಯ ಕೂಗು ಕೇಳಿಸುವುದಿಲ್ಲ. ತನ್ನ ಲೋಟದ ಹಾಲು ಸುರುವಿ ಕ್ಯಾನ್ ಬಾಗಿಲಲ್ಲಿ ಇಟ್ಟ ಮೇಲೆ ಅವಳೇ ಓಣಿಗೆ ಬಂದು ನನ್ನನ್ನು ಕರೆದಳು. ಅಂದಿನಿಂದ ಪ್ರತಿ ಸೋಮವಾರ ಹಾಗೆಯೇ ಮಾಡುತ್ತೇನೆ.